ಸ್ವಲ್ಪ ಅಡಿಕೆ ಉಂಟು, ಅಷ್ಟೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರೂ ಕಡೆ ಶ್ರೀಮಂತರೇ ಇಲ್ಲ. ಯಾರನ್ನು ಬೇಕಾದರೂ ಕೇಳಿ ನೋಡಿ. "ತೋಟ ಎಲ್ಲ ಹೇಗುಂಟು?" ಎಂದರೆ "ಎಂತ ತೋಟ ಮಾರಾಯ್ರೆ, ಸ್ವಲ್ಪ ಅಡಿಕೆ ಉಂಟು, ಅಷ್ಟೆ" ಎಂಬ ಉತ್ತರ ಬರುತ್ತದೆ. ಈ 'ಸ್ವಲ್ಪ' ನಮ್ಮ ಕಡೆಯ ಒಂದು ಅಳತೆ. ಅದು ಹಿತ್ತಿಲ ಹತ್ತು ಮರದಿಂದ ಶುರುವಾಗಿ ಹನ್ನೆರಡು ಎಕರೆಯವರೆಗೂ ಹೋಗುತ್ತದೆ. ಹನ್ನೆರಡು ಎಕರೆಯವರು ಮಾತ್ರ ಇನ್ನೊಂದು ಮಾತು ಸೇರಿಸುತ್ತಾರೆ: "ಅದಕ್ಕೂ ಈ ಸಲ ಕೊಳೆರೋಗ."

ಅಡಿಕೆ ಇದ್ದಾಗ ರೇಟು ಇರುವುದಿಲ್ಲ, ರೇಟು ಇದ್ದಾಗ ಅಡಿಕೆ ಇರುವುದಿಲ್ಲ ಎನ್ನುವುದು ಇಲ್ಲಿನ ಅರ್ಥಶಾಸ್ತ್ರದ ಮೊದಲ ಸೂತ್ರ. ಹಳೆ ಅಡಿಕೆ ಕಿಲೋಗೆ 500 ರೂಪಾಯಿ ದಾಟಿದ ವರ್ಷವೂ ಕೇಳಿದಲ್ಲೆಲ್ಲ ಸಿಕ್ಕಿದ ಉತ್ತರ ಒಂದೇ: "ನಾವು ಅದಕ್ಕೆ ಮೊದಲೇ ಕೊಟ್ಟಾಯ್ತಲ್ಲ." ಹಾಗಾದರೆ ಆ ರೇಟಿಗೆ ಕೊಟ್ಟವರು ಯಾರು? ಇನ್ನೂ ಹಳತಾಗಿ ಡಬಲ್ ಚೋಲು ಆಗಲಿ ಎಂದು ಅಟ್ಟದಲ್ಲಿ ಕೂತಿದ್ದ ಗೋಣಿಗಳು ಯಾರವು? ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ 1973ರಲ್ಲಿ ಹುಟ್ಟಿದ್ದು, ಅರ್ಧ ಶತಮಾನದಿಂದ ಖರೀದಿ ಮಾಡುತ್ತಲೇ ಇದೆ. ಒಳ್ಳೆಯ ರೇಟಿಗೆ ಮಾರಿದವರು ಮಾತ್ರ ಈವರೆಗೆ ಪತ್ತೆಯಾಗಿಲ್ಲ.

ಇದನ್ನು ಸುಳ್ಳು ಎನ್ನಬಾರದು, ಜಾಗ್ರತೆ ಎನ್ನಬೇಕು. ಕೈಯಲ್ಲಿ ನಾಲ್ಕು ಕಾಸು ಉಂಟು ಎಂದು ಬಾಯಿಬಿಟ್ಟ ಮರುದಿನ ಬೆಳಿಗ್ಗೆ ಬ್ರಹ್ಮಕಲಶೋತ್ಸವ ಸಮಿತಿಯವರು ರಶೀದಿ ಪುಸ್ತಕ ಹಿಡಿದು ಅಂಗಳದಲ್ಲಿರುತ್ತಾರೆ. ಅವರು ಎದ್ದು ಹೋಗುವಾಗ ಬಯಲಾಟದವರು ಬರುತ್ತಾರೆ, ಅವರ ಹಿಂದೆ ಕಬಡ್ಡಿಯ ಹುಡುಗರು, ಸಂಜೆಗೆ ಯಾವುದೋ ಕಡೆಯಿಂದ ಭಾವ ಆಗಬೇಕಾದ ಒಬ್ಬರು, ಮೂರು ತಿಂಗಳ ಮಟ್ಟಿಗೆ ಐವತ್ತು ಸಾವಿರ ಕೇಳುವುದಕ್ಕೆ. "ನಾವು ಪಾಪದವರು" ಎಂಬ ಎರಡು ಪದಗಳು ಈ ಸೀಮೆಯ ಅತ್ಯಂತ ಅಗ್ಗದ ಇನ್ಶೂರೆನ್ಸ್. ಪ್ರೀಮಿಯಂ ಇಲ್ಲ, ಲ್ಯಾಪ್ಸ್ ಆಗುವುದೂ ಇಲ್ಲ.

ಅದೇ ಪಾಪದವರ ಮನೆಗೆ ಮದುವೆ ಬ್ರೋಕರ್ ಬಂದಾಗ ನೋಡಬೇಕು. ಅವರ ಕೈಗೆ ಹೋಗುವ ಬಯೋಡಾಟಾದಲ್ಲಿ ಕೊಳೆರೋಗ ಇಲ್ಲ. ಸ್ವಲ್ಪ ಅಡಿಕೆ ಇದ್ದದ್ದು 'ಅರೆಕಾನಟ್ ಪ್ಲಾಂಟೇಷನ್' ಆಗಿರುತ್ತದೆ. ಬೆಳಿಗ್ಗೆ ಮುಂಡಾಸು ಕಟ್ಟಿಕೊಂಡು ಮದ್ದು ಬಿಡುವವರೊಟ್ಟಿಗೆ ಕೂಲಿ ಚೌಕಾಸಿ ಮಾಡಿದವರು 'ಪ್ಲಾಂಟರ್'. ಫ್ಯಾಮಿಲಿ ಡೀಸೆಂಟ್, ಹುಡುಗ ವೆಲ್ ಸೆಟ್ಲ್ಡ್, ಓನ್ ಪ್ರಾಪರ್ಟಿ. ಇನ್ನೊಂದು ಮನೆಯ ಜಗುಲಿಯಲ್ಲಿ ಬ್ರೋಕರ್ ದನಿ ತಗ್ಗಿಸಿ "ಪಾರ್ಟಿ ಸೌಂಡ್ ಉಂಟು" ಎನ್ನುತ್ತಾರೆ. ನಿನ್ನೆಯವರೆಗೆ ಸದ್ದೇ ಇಲ್ಲದಿದ್ದ ಮನೆಗೆ ಇಂಗ್ಲಿಷಿನಲ್ಲಿ ಸೌಂಡ್ ಬಂತು.

ನನ್ನ ತಕರಾರು ಇಂಗ್ಲಿಷ್ ಪದಗಳ ಮೇಲಲ್ಲ. ಬಸ್ಸು, ಲೈಟು, ರೇಟು ಇಲ್ಲದೆ ಬಿ.ಸಿ. ರೋಡಿನಿಂದ ಕಲ್ಲಡ್ಕಕ್ಕೆ ಹೋಗಿ ಒಂದು ಕೇಟಿ ಕುಡಿದು ಬರುವುದಕ್ಕೂ ಆಗುವುದಿಲ್ಲ. ನಾನು ನೋಡುವುದು ಕೆಲಸ ಹಂಚಿಕೆಯನ್ನು. ಇದ್ದದ್ದನ್ನು ಇಲ್ಲ ಎನ್ನುವುದಕ್ಕೆ ಕನ್ನಡ ಮತ್ತು ತುಳು. ಇಲ್ಲದ್ದು ಬೇಕು ಎನ್ನುವುದಕ್ಕೆ ಇಂಗ್ಲಿಷ್. ಮೂರು ಭಾಷೆ ಬಲ್ಲ ಊರಿನಲ್ಲಿ ನಾಚಿಕೆಯನ್ನೆಲ್ಲ ಎರಡು ಭಾಷೆಗಳ ತಲೆಗೆ ಕಟ್ಟಿ, ಮೂರನೆಯದನ್ನು ಶಾಪಿಂಗಿಗೆ ಕಳುಹಿಸಿದ್ದೇವೆ.

ಕಾರಣ ಇಲ್ಲದಿಲ್ಲ. ಕನ್ನಡದಲ್ಲಿ ಆಸೆ ಎಂದು ಬಾಯಿ ತೆರೆದರೆ ಸಾಕು, ಹಿಂದೆಯೇ ಒಬ್ಬ ದಾಸರು ತಂಬೂರಿ ಹಿಡಿದು ನಿಂತಿರುತ್ತಾರೆ. ಅವರ ಪಕ್ಕದಲ್ಲಿ ಶರಣರು. ಮೂಡುಬಿದಿರೆಯಲ್ಲಾದರೆ ಇವರಿಬ್ಬರಿಗಿಂತ ಮುಂಚೆ ಬಂದು ನಿಂತ ದಿಗಂಬರ ಮುನಿಗಳು, ಮೈಮೇಲೆ ಒಂದು ನೂಲೂ ಇಲ್ಲದೆ. ಅವರ ಎದುರಿಗೆ ನಿಂತು "ನನಗೊಂದು ಎಸ್‌ಯುವಿ ಬೇಕೆಂದು ಬಹಳ ಆಸೆ" ಎನ್ನಲು ಯಾರಿಗೆ ಬಾಯಿ ಬರುತ್ತದೆ? "ಅಪ್‌ಗ್ರೇಡ್ ಮಾಡುವ ಪ್ಲಾನ್ ಉಂಟು" ಎನ್ನಬಹುದು. ಇಂಗ್ಲಿಷಿನ ಆಸೆಯ ಹಿಂದೆ ತಂಬೂರಿಯವರು ಯಾರೂ ಇಲ್ಲ. ಷೋರೂಮಿನ ಹುಡುಗ ಇರುತ್ತಾನೆ, ಕ್ಯಾಲ್ಕುಲೇಟರ್ ಹಿಡಿದುಕೊಂಡು. ಪಕ್ಕದ ಮನೆಯ ಟೆರೇಸ್ ನೋಡಿ ಹೊಟ್ಟೆ ಉರಿದರೆ ಅದು 'ಕಾಂಪಿಟಿಷನ್'. ಉರಿ ತಡೆಯಲಾರದೆ ತಾನೂ ಒಂದು ಮಹಡಿ ಏರಿಸಿದರೆ 'ಇನ್ವೆಸ್ಟ್‌ಮೆಂಟ್'. ಅದಕ್ಕೆ ಮಾಡಿದ ಸಾಲ ತೀರದೆ ಎರಡು ಎಕರೆ ಮಾರಿದರೆ? "ಮೆಂಟೇನ್ ಮಾಡಲಿಕ್ಕೆ ಆಗುವುದಿಲ್ಲ, ಲೇಬರ್ ಪ್ರಾಬ್ಲಮ್."

ಹಿಂದಿನವರಿಗೆ ಆಸೆ ಇರಲಿಲ್ಲ ಎಂದು ಯಾರೂ ಹೇಳಬೇಡಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎದ್ದದ್ದು 1430ರಲ್ಲಿ. ಅಪರಿಗ್ರಹವನ್ನು ವ್ರತವೆಂದು ಬೋಧಿಸುವ ಧರ್ಮದ ಆ ಗುಡಿಗೆ ಹಣ ಸುರಿದವರಲ್ಲಿ ಪೇಟೆಯ ಸೆಟ್ಟಿಗಳೂ ಇದ್ದರು. ಗೃಹಸ್ಥರಿಗೆ ಜೈನರು ಮಾಡಿಟ್ಟ ಏರ್ಪಾಡು ಬಹಳ ಲೆಕ್ಕಾಚಾರದ್ದು: ಎಲ್ಲವನ್ನೂ ಬಿಡಬೇಕಿಲ್ಲ, ಇಷ್ಟೇ ಸಾಕು ಎಂದು ನೀನೇ ಒಂದು ಮಿತಿ ಹಾಕಿಕೋ, ಅದಕ್ಕಿಂತ ಮೇಲೆ ಬಂದದ್ದನ್ನು ದಾನ ಮಾಡು. ಹಾಗೆ ಮೇಲೆ ಬಂದದ್ದರಲ್ಲಿ ಹದಿನೆಂಟು ಬಸದಿಗಳಾದವು, ರತ್ನದ ಬಿಂಬಗಳಾದವು. ಅದೇ ಊರಿನ ರತ್ನಾಕರವರ್ಣಿ ಹದಿನಾರನೆಯ ಶತಮಾನದಲ್ಲಿ 'ಭರತೇಶ ವೈಭವ' ಬರೆದಾಗ ಆರಿಸಿಕೊಂಡ ನಾಯಕನೂ ಕಾಡಿಗೆ ಓಡಿದವನಲ್ಲ. ಷಟ್ಖಂಡ ಆಳುತ್ತ, ಸುಖವನ್ನೆಲ್ಲ ಉಣ್ಣುತ್ತ, ಒಳಗೆ ಯೋಗಿಯಾಗಿದ್ದ ಚಕ್ರವರ್ತಿ. ಭೋಗದ ಬಗ್ಗೆ ಸಾಂಗತ್ಯದಲ್ಲಿ ಸಾವಿರಗಟ್ಟಲೆ ಪದ್ಯ ಬರೆಯಲು ಈ ಮಣ್ಣಿನವನಿಗೆ ಕನ್ನಡ ಸಾಕಾಗಿತ್ತು. ಈಗ ಒಂದು ಬಾತ್‌ರೂಮ್ ಟೈಲ್ಸ್ ಚಂದ ಉಂಟು ಎನ್ನುವುದಕ್ಕೆ ನಮಗೆ 'ರಿಚ್ ಲುಕ್' ಬೇಕು.

ನಮ್ಮ ಅಜ್ಜಂದಿರ ಸಂಪತ್ತಿಗೆ ತೂಕ ಇತ್ತು, ಬೈಹುಲ್ಲಿನ ವಾಸನೆ ಇತ್ತು. ಮುಡಿ ಎಂದರೆ ನಲವತ್ತೆರಡು ಸೇರು ಅಕ್ಕಿ. ಎಷ್ಟು ಮುಡಿ ಗೇಣಿ ಬರುತ್ತದೆ ಎನ್ನುವುದರಲ್ಲಿ ಒಂದು ಗುತ್ತಿನ ಮನೆಯ ಎತ್ತರ ಗೊತ್ತಾಗುತ್ತಿತ್ತು. ಎಷ್ಟು ಮುಡಿ ಕೊಡುವುದಕ್ಕೆ ಬಾಕಿ ಉಂಟು ಎನ್ನುವುದರಲ್ಲಿ ಒಕ್ಕಲಿನ ಬೆನ್ನಿನ ಬಾಗು ಗೊತ್ತಾಗುತ್ತಿತ್ತು. ಚಾಲಗೇಣಿಯವನನ್ನು ಬೇಕೆಂದಾಗ ಎಬ್ಬಿಸಬಹುದಿತ್ತು. ಆ ಕ್ರೌರ್ಯಕ್ಕೆ ಅಚ್ಚ ನಮ್ಮದೇ ಪದ ಇತ್ತು, ಯಾರಿಂದಲೂ ಎರವಲು ತರಬೇಕಾಗಿರಲಿಲ್ಲ.

ಆಮೇಲೆ 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಎಂಬ ಘೋಷಣೆ ಕನ್ನಡದಲ್ಲೇ ಇತ್ತು. ಆದರೆ ಊರಿನ ಬಾಯಲ್ಲಿ ನಿಂತದ್ದು ಆ ಘೋಷಣೆಯಲ್ಲ, ಒಕ್ಕಲು ತುಂಬಿ ಕೊಟ್ಟ ಅರ್ಜಿಗೆ ಬಿದ್ದ ಹೆಸರು: ಡಿಕ್ಲರೇಷನ್. ಅದಿನ್ನೂ ಬಾಯಿಂದ ಇಳಿದಿಲ್ಲ. ಬಂಟ್ವಾಳದಲ್ಲಿ ಆಗಲಿ ಬೆಳ್ತಂಗಡಿಯಲ್ಲಿ ಆಗಲಿ ಯಾವ ಹಳೆಯ ತಲೆಯನ್ನಾದರೂ ಮಾತಾಡಿಸಿ, ಹತ್ತು ನಿಮಿಷದೊಳಗೆ ಡಿಕ್ಲರೇಷನ್ ಬರುತ್ತದೆ. "ಅದು ಡಿಕ್ಲರೇಷನ್‌ನಲ್ಲಿ ಹೋದ ಗದ್ದೆ" ಎಂದು ಒಬ್ಬರು, "ಅದು ಡಿಕ್ಲರೇಷನ್‌ನಲ್ಲಿ ಸಿಕ್ಕಿದ ಗದ್ದೆ" ಎಂದು ಇನ್ನೊಬ್ಬರು. ಗದ್ದೆ ಒಂದೇ, ಪದ ಒಂದೇ. ಒಂದು ಮನೆಯಲ್ಲಿ ಅದು ಸೂತಕ, ಇನ್ನೊಂದರಲ್ಲಿ ತೊಟ್ಟಿಲು. ಸಂಪತ್ತಿನ ಬಗ್ಗೆ ಈ ಜಿಲ್ಲೆಗೆ ಬಂದ ಇಂಗ್ಲಿಷ್ ಪದಗಳಲ್ಲೆಲ್ಲ ಮರ್ಯಾದೆಯ ಪದ ಯಾವುದು ಎಂದರೆ ನಾನು ಇದನ್ನೇ ಹೇಳುತ್ತೇನೆ. ಬಾಯಿ ಇಲ್ಲದವನು ಧಣಿಯ ಎದುರಿಗೆ ಹೇಳಲಾಗದ್ದನ್ನು ಟ್ರಿಬ್ಯೂನಲ್‌ನಲ್ಲಿ ಹೇಳುವುದಕ್ಕೆ ಅದು ಬೇಕಿತ್ತು. ಧಣಿಯ ಭಾಷೆಯಲ್ಲಿ ಧಣಿಯ ಗದ್ದೆಯನ್ನು ಕೇಳುವುದು ಸುಲಭ ಅಲ್ಲ.

ಈಗ ಆ ಎರಡೂ ಮನೆಗಳ ಮೊಮ್ಮಕ್ಕಳು ಒಂದೇ ಪದಕೋಶದಲ್ಲಿ ವಾಸಿಸುತ್ತಾರೆ. ಹೋದವರ ಮೊಮ್ಮಗನೂ ಸಿಕ್ಕಿದವರ ಮೊಮ್ಮಗನೂ ಕೇಳುವ ಪ್ರಶ್ನೆ ಒಂದೇ: "ಕನ್ವರ್ಷನ್ ಆಗಿದೆಯಾ?" ಗದ್ದೆ ಅಡಿಕೆ ತೋಟ ಆಯಿತು, ತೋಟ ಸೆಂಟ್ಸ್ ಆಯಿತು, ಸೆಂಟ್ಸ್ ಲೇಔಟ್ ಆಯಿತು. ಈ ಸೆಂಟ್ಸ್ ಎಂಬುದು ಮದರಾಸು ಪ್ರಾಂತ ನಮಗೆ ಬಿಟ್ಟು ಹೋದ ಅಳತೆ, ಒಂದು ಎಕರೆಯ ನೂರನೇ ಒಂದು ಭಾಗ. ಬಡವರಿಗೆ ಸರ್ಕಾರ ಕೊಟ್ಟರೆ 'ಐದು ಸೆಂಟ್ಸ್ ಕಾಲನಿ', ಅದರ ಹೆಸರು ಹೇಳಿದರೆ ಸಂಬಂಧ ಮುರಿಯುತ್ತದೆ. ಹೆದ್ದಾರಿ ಬದಿಯಲ್ಲಿ ಅದೇ ಐದು ಸೆಂಟ್ಸ್‌ಗೆ ಕಾಂಪೌಂಡ್ ಹಾಕಿದರೆ 'ಪ್ರೀಮಿಯಂ ಪ್ಲಾಟ್', ಅದರ ಹೆಸರು ಹೇಳಿದರೆ ಸಂಬಂಧ ಕೂಡಿಬರುತ್ತದೆ.

ಫ್ಲಾಟುಗಳದ್ದು ಇನ್ನೊಂದು ಸೊಗಸು. ನದಿ ಬದಿಗೆ ಏನೇ ಎದ್ದರೂ ಅದಕ್ಕೆ 'ರಿವರ್ ವ್ಯೂ' ಎಂದು ಹೆಚ್ಚು ಬೆಲೆ. ಬಂಟ್ವಾಳದವರಿಗೆ ಈ ವ್ಯೂ ಹಿಂದೆ ಪುಕ್ಕಟೆ ಸಿಗುತ್ತಿತ್ತು. 1923ರಲ್ಲಿ ಒಮ್ಮೆ, 1974ರಲ್ಲಿ ಇನ್ನೊಮ್ಮೆ ನೇತ್ರಾವತಿ ತಾನೇ ಪೇಟೆಯೊಳಗೆ ನಡೆದು ಬಂದು, ಅಂಗಡಿ ಅಂಗಡಿಗೂ ವ್ಯೂ ತೋರಿಸಿ ಹೋಗಿದ್ದಳು. ಗೇಣಿಗದ್ದೆ ಕೈಬಿಟ್ಟು ಹೋದ ವರ್ಷವೇ ನೆರೆಯೂ ಬಂತು ಎಂದರೆ ಆ ಕಾಲದ ಧಣಿಗಳ ಜಾತಕ ಯಾರು ಬರೆದದ್ದೋ ಏನೋ.

ಮದುವೆಯ ಮಾತುಕತೆಗೆ ಬರೋಣ, ಅಲ್ಲಿ ಇಂಗ್ಲಿಷಿಗೆ ಪುರುಸೊತ್ತಿಲ್ಲದ ಕೆಲಸ. ಇದು ಅಳಿಯಕಟ್ಟಿನ ನಾಡು. ಬಂಟರು, ಜೈನರು, ಇನ್ನೂ ಎಷ್ಟೋ ಸಮುದಾಯಗಳಲ್ಲಿ ಮನೆ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುತ್ತಿತ್ತು. ಯಜಮಾನಿಕೆ ಸೋದರಮಾವನದ್ದು, ಬಳ್ಳಿ ಮಾತ್ರ ತಾಯಿಯದ್ದು. 1949ರ ಅಳಿಯಸಂತಾನ ಕಾಯ್ದೆ ಪಾಲು ಕೇಳುವುದಕ್ಕೆ ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಉಳಿದದ್ದನ್ನು ನೋಡಿಕೊಂಡಿತು. ಹೆಣ್ಣೇ ಮನೆಯ ಬೇರು ಆಗಿದ್ದ ಊರಿನಲ್ಲಿ ಹೆಣ್ಣನ್ನು ಕಳುಹಿಸುವುದಕ್ಕೆ ಹಣ ಎಣಿಸುವ ಕಾಲ ಬಂತು. ಹಾಗೆಂದು ವರದಕ್ಷಿಣೆ ಉಂಟಾ? ಛೆ, ಛೆ. ವರದಕ್ಷಿಣೆಯನ್ನು 1961ರಲ್ಲೇ ಕಾನೂನು ನಿಷೇಧಿಸಿದೆ, ನಾವು ಕಾನೂನು ಪಾಲಿಸುವ ಜನ. "ನಮ್ಮದು ಎಂತದೂ ಡಿಮ್ಯಾಂಡ್ ಇಲ್ಲ" ಎಂದು ಹುಡುಗನ ತಾಯಿ ಕಾಫಿ ಲೋಟ ಕೆಳಗಿಡುತ್ತಾರೆ. ಡಿಮ್ಯಾಂಡ್ ಇಲ್ಲ ಎಂದ ಕೂಡಲೇ ಹುಡುಗಿಯ ಅಪ್ಪನ ಎದೆ ಧಸಕ್ಕೆನ್ನುತ್ತದೆ. ಡಿಮ್ಯಾಂಡ್ ಇದ್ದರೆ ಒಂದು ಅಂಕಿ ಇರುತ್ತಿತ್ತು, ಚೌಕಾಸಿ ಮಾಡಬಹುದಿತ್ತು. ಡಿಮ್ಯಾಂಡ್ ಇಲ್ಲದವರಿಗೆ 'ಎಕ್ಸ್‌ಪೆಕ್ಟೇಷನ್' ಇರುತ್ತದೆ, ಅದಕ್ಕೆ ತಳ ಇಲ್ಲ. "ನಿಮ್ಮ ಮಗಳಿಗೆ ನೀವು ಗಿಫ್ಟ್ ಕೊಡುವುದು ನಿಮ್ಮ ಖುಷಿ. ಹಾಲ್ ಮಾತ್ರ ಸ್ವಲ್ಪ ಸ್ಟ್ಯಾಂಡರ್ಡ್ ಆಗಬೇಕು ಅಂತ ಇವರ ಅಣ್ಣನಿಗೆ." ಕೇಳಿದವರು ಯಾರೂ ಇಲ್ಲ. ಪವನುಗಳು ತಾವಾಗಿಯೇ ಎದ್ದು ಬರುತ್ತವೆ, ಕಾರಿನ ಕೀ ತಾನಾಗಿಯೇ ಹಾಲಿಗೆ ಬರುತ್ತದೆ.

ಇಷ್ಟೆಲ್ಲ ಇಂಗ್ಲಿಷು ಉಳ್ಳವರದ್ದೇ ಎಂದುಕೊಳ್ಳಬೇಡಿ. ಬೀಡಿ ಕಟ್ಟುವ ಹೆಂಗಸರ ಇಂಗ್ಲಿಷ್ ಇವರೆಲ್ಲರಿಗಿಂತ ಹಳತು. ಸೂಪು ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸುತ್ತ ಕೂತ ಹೆಂಗಸು ಸಂಜೆ ಬೀಡಿ ಕೊಡುವುದಕ್ಕೆ ಹೋಗುವ ಜಾಗದ ಹೆಸರು 'ಬ್ರಾಂಚ್'. ಬ್ಯಾಂಕಿನದ್ದಲ್ಲ, ಬೀಡಿಯದ್ದು. ಅಲ್ಲಿ ಚೆಕ್ಕರ್ ಇರುತ್ತಾನೆ, ಪಾಸ್‌ಬುಕ್ ಇರುತ್ತದೆ, ಪಿಎಫ್ ಇರುತ್ತದೆ. ಚೆಕ್ಕರ್ ಒಂದು ಹಿಡಿ ಬೀಡಿ ತೆಗೆದು ಬದಿಗೆ ಎಸೆದರೆ ಅದು 'ರಿಜೆಕ್ಟ್'. ಆ ಇಂಗ್ಲಿಷಿನಲ್ಲಿ ಬಯಕೆಗೆ ಜಾಗವೇ ಇಲ್ಲ. ಅಷ್ಟೂ ಪದಗಳು ಎಣಿಸುವುದಕ್ಕೆ, ಕಳೆಯುವುದಕ್ಕೆ, ಕಾಯುವುದಕ್ಕೆ. ಸಾವಿರ ಬೀಡಿಯ ಲೆಕ್ಕದಲ್ಲಿ ಮಗಳಿಗೆ ಒಂದು ಜೋಡಿ ಬೆಂಡೋಲೆ ಮಾಡಿಸಿದ ಆ ಹೆಂಗಸು ತನ್ನ ಆಸೆಯನ್ನು ಕನ್ನಡದಲ್ಲೋ ತುಳುವಿನಲ್ಲೋ ಬ್ಯಾರಿ ಭಾಷೆಯಲ್ಲೋ ಹೇಳಿಕೊಂಡಿದ್ದಾಳೆ, ನಾಚಿಕೆ ಇಲ್ಲದೆ. ಅವಳ ಆಸೆಗೆ ಪರದೆ ಬೇಕಾಗಿರಲಿಲ್ಲ. ಅದು ಅಷ್ಟು ಸಣ್ಣದಿತ್ತು, ಯಾರ ಕಣ್ಣೂ ಬೀಳುವ ಹಾಗಿರಲಿಲ್ಲ.

ಅವಳಿಗೆ ಇದ್ದ ಇನ್ನೊಂದು ಇಂಗ್ಲಿಷ್ ಬಿಪಿಎಲ್. ಅದನ್ನೂ ಈಗ ಸೌಂಡ್ ಪಾರ್ಟಿಗಳು ಕಿತ್ತುಕೊಂಡಿವೆ. ವರ್ಷಕ್ಕೆ 1.20 ಲಕ್ಷಕ್ಕಿಂತ ಮೇಲೆ ಆದಾಯ ಇರಬಾರದು, ಸ್ವಂತಕ್ಕೆ ಕಾರು ಇರಬಾರದು ಎನ್ನುತ್ತದೆ ನಿಯಮ. ಕಾರು ಇಲ್ಲ, ಸ್ವಾಮಿ. ಅಂಗಳದಲ್ಲಿ ನಿಂತದ್ದು ಭಾವನ ಹೆಸರಿನದ್ದು. 2024ರಲ್ಲಿ ಸರ್ಕಾರ ಅನರ್ಹರ ಕಾರ್ಡು ತೆಗೆಯಲು ಹೊರಟಾಗ ಎಷ್ಟು ಗದ್ದಲ ಆಯಿತು ನೆನಪಿದೆಯಲ್ಲ? ಬಡವರ ಪರವಾಗಿ ಕೂಗಿದವರಲ್ಲಿ ಯಾರ ಗಂಟಲು ದೊಡ್ಡದಿತ್ತು ಎನ್ನುವುದನ್ನು ನಾನು ಹೇಳುವುದಿಲ್ಲ, ನನಗೂ ಊರಲ್ಲಿ ಇರಬೇಕಲ್ಲ. ಬಯೋಡಾಟಾದಲ್ಲಿ ವೆಲ್ ಸೆಟ್ಲ್ಡ್ ಆದ ಮನೆಯೇ ನ್ಯಾಯಬೆಲೆ ಅಂಗಡಿಯಲ್ಲಿ ಬಿಪಿಎಲ್. ಅತ್ತೆಯ ಖಾತೆಗೆ ಗೃಹಲಕ್ಷ್ಮಿಯ 2000 ರೂಪಾಯಿ ಬಂದಿಲ್ಲ ಎಂದು ಸೊಸೆ ಐಫೋನಿನಲ್ಲಿ ಸ್ಟೇಟಸ್ ಚೆಕ್ ಮಾಡುತ್ತಾಳೆ. ಸ್ಟೇಟಸ್ ಅವರಿಗೆ ಮೊದಲಿಂದಲೂ ಮುಖ್ಯ.

ಸಾಲ ಕೂಡ ಇಂಗ್ಲಿಷಿನಲ್ಲಿ ಮೈತೊಳೆದುಕೊಂಡಿತು. ಈ ಕರಾವಳಿ ದೇಶಕ್ಕೆ ಬ್ಯಾಂಕು ಹೇಳಿಕೊಟ್ಟ ಪ್ರದೇಶ: 1906ರಲ್ಲಿ ಕೆನರಾ, ಅದೇ ವರ್ಷ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 1928ರಲ್ಲಿ ಶುರುವಾದ ಪಿಗ್ಮಿ ಉಳಿತಾಯದಲ್ಲಿ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಮನೆಬಾಗಿಲಿಗೇ ಬಂದು ತೆಗೆದುಕೊಳ್ಳುತ್ತಿದ್ದರು. ಎರಡಾಣೆ ಉಳಿಸುವುದಕ್ಕೆ ಹುಟ್ಟಿದ ಬ್ಯಾಂಕುಗಳಲ್ಲಿ ಮೂರು 2019, 2020ರಲ್ಲಿ ವಿಲೀನವಾಗಿ ಬೋರ್ಡು ಕಳೆದುಕೊಂಡವು. ಮನೆಬಾಗಿಲಿಗೆ ಬರುವುದು ಮಾತ್ರ ನಿಂತಿಲ್ಲ. ಈಗ ಫೋನಿನಲ್ಲಿ ಬರುತ್ತಾರೆ, ಕೊಡುವುದಕ್ಕೆ. ಸಾಲಗಾರ ಎಂದರೆ ಅಜ್ಜ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಮೊಮ್ಮಗ "ಪ್ರೀ-ಅಪ್ರೂವ್ಡ್" ಎಂದು ಕಾಲರ್ ಸರಿಮಾಡಿಕೊಳ್ಳುತ್ತಾನೆ.

ಮೂಡುಬಿದಿರೆಯ ಹಾಸ್ಟೆಲುಗಳಲ್ಲಿ ರಾಜ್ಯದ ಮೂಲೆಮೂಲೆಯ ಮಕ್ಕಳು ಬೆಳಿಗ್ಗೆ ಐದಕ್ಕೆದ್ದು ಓದುವುದೂ ಒಂದು ಪದಕ್ಕಾಗಿ: ಪ್ಯಾಕೇಜ್. ಸಂಬಳ ಎಂದರೆ ತಿಂಗಳ ಕೊನೆಗೆ ಮುಗಿದು ಹೋಗುವಂಥದ್ದು. ಪ್ಯಾಕೇಜ್ ಹಾಗಲ್ಲ, ಸಿಗುವ ಮೊದಲೇ ನೆಂಟರಿಷ್ಟರಿಗೆಲ್ಲ ಹಂಚಿ ಮುಗಿದಿರುತ್ತದೆ. ನುಡಿಸಿರಿ ಎಂಬ ಕನ್ನಡ ಸಮ್ಮೇಳನ ನಡೆದ ಊರು ಇದು, 2004ರಿಂದ ವರ್ಷ ವರ್ಷ ಕನ್ನಡಕ್ಕೆ ಪೆಂಡಾಲು ತುಂಬುವಷ್ಟು ಜನ ಸೇರಿದ್ದನ್ನು ಕಂಡದ್ದು. ಪೆಂಡಾಲಿನಲ್ಲಿ ಚಪ್ಪಾಳೆ ತಟ್ಟಿದ ಎಷ್ಟು ಅಪ್ಪಂದಿರು ಮರುದಿನ ಮಗನ ಅಡ್ಮಿಷನ್ನಿಗೆ ಅದೇ ರಸ್ತೆಯಲ್ಲಿ ಕ್ಯೂ ನಿಂತರೋ. ತಪ್ಪಲ್ಲ ಬಿಡಿ. ಕನ್ನಡದಲ್ಲಿ ಹೆಮ್ಮೆ, ಇಂಗ್ಲಿಷಿನಲ್ಲಿ ಫೀಸು. ಎರಡಕ್ಕೂ ರಶೀದಿ ಉಂಟು.

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 35 ಅಡಿಯ ಬಾಹುಬಲಿ ನಿಂತಿದ್ದಾನೆ, ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ್ದು. ಕಾರ್ಕಳದ ಅರಸನಿಗೆ ಇದು ಸಹಿಸಲಿಲ್ಲವಂತೆ. ತನ್ನೂರಲ್ಲಿ ಒಂದು ಬಾಹುಬಲಿ ಇರುವಾಗ ನೆರೆಯವನಿಗೆ ಇನ್ನೊಂದು ಯಾಕೆ, ಆ ಮೂರ್ತಿಯನ್ನು ಇಲ್ಲಿಗೆ ಕಳುಹಿಸು ಎಂದನಂತೆ. ಅಜಿಲರು ಅದನ್ನು ಫಲ್ಗುಣಿಯ ಮರಳಿನಲ್ಲಿ ಹೂತಿಟ್ಟು ಕಾದರು ಎನ್ನುತ್ತದೆ ಐತಿಹ್ಯ. ಎಲ್ಲ ಬಿಟ್ಟು ನಿಂತವನ ವಿಗ್ರಹಕ್ಕಾಗಿ ಇಬ್ಬರು ಅರಸರು ಕತ್ತಿ ಹಿರಿಯಬೇಕಾಯಿತು. ಸ್ಟೇಟಸ್ ಎಂಬ ಪದ ಆಗ ಬಂದಿರಲಿಲ್ಲ. ಕೆಲಸ ಏನೂ ನಿಂತಿರಲಿಲ್ಲ.

ಬಾಹುಬಲಿಯದ್ದೂ ಮೂಲತಃ ಅಣ್ಣ ತಮ್ಮಂದಿರ ಆಸ್ತಿಯ ತಕರಾರು. ತಮ್ಮ ಗೆದ್ದ, ಗೆದ್ದದ್ದನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತ, ಕಾಲಿಗೆ ಬಳ್ಳಿ ಹಬ್ಬಿತು. ನಮ್ಮ ತಾಲೂಕುಗಳಲ್ಲೂ ಬಳ್ಳಿ ಹಬ್ಬುತ್ತದೆ, ಪಾರ್ಟಿಷನ್ ಸೂಟ್ ಬಿದ್ದ ಮನೆಗಳಿಗೆ. ಅಣ್ಣ ಸ್ಟೇ ತಂದಿರುತ್ತಾನೆ, ತಮ್ಮ ಅಪೀಲು ಹೋಗಿರುತ್ತಾನೆ, ನಡುವೆ ಮಾಡು ಕುಸಿದು ಗೋಡೆಯಲ್ಲಿ ಅಶ್ವತ್ಥ ಹುಟ್ಟಿರುತ್ತದೆ. ಕೋರ್ಟಿನ ವರಾಂಡದಲ್ಲಿ ಇಬ್ಬರೂ ಎರಡು ಕಂಬಗಳಿಗೆ ಒರಗಿ ನಿಂತಿರುತ್ತಾರೆ. ಅಣ್ಣನನ್ನು ಕೇಳಿ. "ನನಗೆ ಆ ಹನ್ನೆರಡು ಸೆಂಟ್ಸಿನ ಆಸೆ ಉಂಟಾ? ಇದು ಪ್ರಿನ್ಸಿಪಲ್ ಪ್ರಶ್ನೆ" ಎನ್ನುತ್ತಾನೆ. ತಮ್ಮನನ್ನು ಕೇಳಿ, ಅವನಿಗೂ ಆಸೆ ಇಲ್ಲ, ಅವನದ್ದೂ ಪ್ರಿನ್ಸಿಪಲ್. ಹದಿನೈದು ವರ್ಷದಿಂದ ಇಬ್ಬರ ಪ್ರಿನ್ಸಿಪಲ್ಲೂ ಹಾಗೆಯೇ ಉಂಟು, ಒಂದು ಕಾಸು ಕಡಿಮೆಯಾಗಿಲ್ಲ. ಎರಡೂ ಕಡೆಯ ವಕೀಲರು ಬಡ್ಡಿಯಲ್ಲೇ ಮನೆ ಕಟ್ಟಿದ್ದಾರೆ. ಮೊನ್ನೆ ಗೃಹಪ್ರವೇಶ ಆಯಿತು, ಅಣ್ಣ ತಮ್ಮ ಇಬ್ಬರಿಗೂ ಕರೆಯೋಲೆ ಹೋಗಿತ್ತು.